ಒಂದು ಬಳೆಗೆ ಎರಡು ಸುತ್ತಿಗೆ

ಒಗೆದ ಹೊದಿಕೆಯ ಇನ್ನೊಂದು ತುದಿಯನ್ನು ತಂತಿಯ ಮೇಲೆಳೆದು ಕ್ಲಿಪ್ಪು ಸಿಕ್ಕಿಸುವಷ್ಟರಲ್ಲಿ ತಂತಿಯೇ ಅವಳ ಕೈಗೆ ಬಂತು. ತಂತಿ, ಅದನ್ನು ಹಿಡಿದಿದ್ದ ಕಂಬ, ಮುಂಜಾನೆಯಿಂದ ಒಗೆದ ಬಟ್ಟೆಯಷ್ಟೂ ಒಟ್ಟಿಗೇ ಮಣ್ಣಿನಲ್ಲಿ ಅಂಗಾತ ಮಲಗಿದವು. ಕಂಬದ ಬುಡಕ್ಕೆ ಆನಿಸಿದ್ದ ಎರಡು ಇಟ್ಟಿಗೆಗಳು ಮಾಯವಾಗಿದ್ದವು.

“ನನ್ನ ಇಟ್ಟಿಗೆ ಎಲ್ರೀ?”

“ಇಲ್ಲಿ ಅರ್ಜೆಂಟಾಗಿ ಬೇಕಿತ್ತು ಕಣೇ,” ಎಂದು ಶೆಡ್ಡಿನೊಳಗಿಂದ ಗಂಡನ ಧ್ವನಿ ಬಂತು. “ಹತ್ತೇ ಹತ್ತು ನಿಮಿಷ!”

ಗಂಡನ ಹತ್ತು ನಿಮಿಷ ಎಷ್ಟು ಉದ್ದವೆಂದು ಅವಳಿಗೆ ಗೊತ್ತಿತ್ತು. ಅಂಥದೇ ಒಂದು ಹತ್ತು ನಿಮಿಷದಲ್ಲಿ ಬಿಚ್ಚಿಟ್ಟ ಮಿಕ್ಸಿ ಇವತ್ತಿಗೂ ಅಟ್ಟದ ಮೇಲೆ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ಸಂಸಾರ ಮಾಡಿಕೊಂಡಿತ್ತು. ಕೆಸರು ಹತ್ತಿದ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡೇ ಅವಳು ಶೆಡ್ಡಿಗೆ ಹೋದಳು.

ಕಾರು ಜಾಕಿನ ಮೇಲೆ ಒಂದು ಕಾಲೆತ್ತಿ ನಿಂತಿತ್ತು. ಅವಳ ಇಟ್ಟಿಗೆಗಳ ಮೇಲೆ ಚಕ್ರದ ನಡುವಿನ ಕಬ್ಬಿಣದ ಗುಂಬ, ಗಂಡ ಹಬ್ ಎನ್ನುತ್ತಿದ್ದದ್ದು, ಮೊಗಚಿ ಕೂತಿತ್ತು. ಪಕ್ಕದಲ್ಲಿ ಮಗುಚಿದ ಬಕೆಟ್ಟಿನ ಮೇಲೆ ಮಗಳು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

“ಬೇರಿಂಗ್ ಸವೆದು ಕಾರು ಹಿಟ್ಟಿನ ಗಿರಣಿ ಹಾಗೆ ಕೂಗ್ತಿತ್ತಲ್ಲ? ಎಲ್ಲಾ ಕಿತ್ತೆ. ಈ ಉಕ್ಕಿನ ಬಳೆ ಮಾತ್ರ ಹಬ್ಬಿನ ಒಳಗೋಡೆಗೆ ಕಚ್ಚಿಕೊಂಡಿದೆ. ಇದನ್ನ ರೇಸ್ ಅಂತಾರೆ. ಇದು ಬಿದ್ರೆ ಹೊಸದನ್ನ ಕೂರಿಸೋದು, ಅಷ್ಟೇ.”

“ಹೆಸರು ರೇಸ್, ನಿಂತ ಜಾಗ ಬಿಟ್ಟು ಕದಲಲ್ಲ,” ಎಂದಳು. “ಸಾಯಂಕಾಲದ ರೈಲಿಗೆ ನಿಮ್ಮಮ್ಮ ಬರ್ತಾರೆ, ನೆನಪಿದೆ ತಾನೇ?”

ಅದು ಅವನಿಗಿಂತ ಅವಳಿಗೇ ಹೆಚ್ಚು ನೆನಪಿತ್ತು. ಹಾಲ್‌ನ ಫ್ಯಾನು ಎರಡರಲ್ಲಿ ತಿರುಗಬೇಕೋ ಮೂರರಲ್ಲಿ ತಿರುಗಬೇಕೋ ಎಂಬ ವಿಷಯಕ್ಕೆ ಅವಳ ಗಂಡನೂ ಮಾವನೂ ಮಾತು ಬಿಟ್ಟಿದ್ದರು. ಫ್ಯಾನು ಅಂದಿನಿಂದ ತಿರುಗಿಯೇ ಇರಲಿಲ್ಲ. ಅಪ್ಪ ಮಗ ಇಬ್ಬರಿಗೂ ಬುದ್ಧಿ ಹೇಳಿ ಹೇಳಿ ಸಾಕಾದ ಅತ್ತೆ, “ನೀವಿಬ್ಬರೂ ಬಾಯಿ ಬಿಟ್ಟ ದಿನ ಹೇಳಿ ಕಳಿಸಿ,” ಎಂದು ಚೀಲ ಹಿಡಿದು ತಮ್ಮ ಮಗಳ ಮನೆಗೆ ಹೊರಟುಹೋದರು. ಅತ್ತೆಯಿಲ್ಲದ ಮನೆಯಲ್ಲಿ ಸೊಸೆಗೆ ಕೈ ಮುರಿದಂತಾಗಿತ್ತು. ಬೆಳಗಾದರೆ ಎದುರು ಬದುರು ಕೂತು ನಗುವುದಕ್ಕೊಂದು ಜೀವವಿರಲಿಲ್ಲ. ಕೊನೆಗೆ ಫೋನಿನಲ್ಲಿ ಒಂದು ಸುಳ್ಳು ಹೇಳಿಯೇಬಿಟ್ಟಿದ್ದಳು: “ಈಗ ಚೆನ್ನಾಗಿ ಮಾತಾಡ್ತಾರೆ ಅತ್ತೆ, ನೀವು ಬನ್ನಿ.” ಕಾರು ಹೋಗಿ ಸ್ಟೇಷನ್ನಿನಲ್ಲಿ ನಿಲ್ಲದಿದ್ದರೆ, ಕಾರಿನಲ್ಲಿ ಇಬ್ಬರೂ ಜೊತೆಗೆ ಕೂರದಿದ್ದರೆ, ಅತ್ತೆ ಪ್ಲಾಟ್‌ಫಾರ್ಮಿನಿಂದಲೇ ತಿರುಗಿ ರೈಲು ಹತ್ತುವ ಹೆಂಗಸು.

ಗಂಡ ಕನ್ನಡಕದ ಅಂಗಡಿಯವನು. ಎಳ್ಳುಕಾಳಿನಷ್ಟು ಸ್ಕ್ರೂ ತಿರುಗಿಸಿ ಬಂದ ಕೈ. ಒಂದು ಸರಳನ್ನು ಹಬ್ಬಿನ ತೂತಿನಿಂದ ಇಳಿಸಿ, ಬಳೆಯ ಅಂಚಿಗೆ ತಾಗಿಸಿ, ಈ ಕಡೆಗೊಂದು ಆ ಕಡೆಗೊಂದು ಟಕ್ ಟಕ್ ಎಂದು ಕುಟ್ಟುತ್ತಿದ್ದ. ಅವಳು ಬಟ್ಟೆಯನ್ನು ಮತ್ತೆ ನೀರಿಗೆ ಹಾಕುವ ಹೊತ್ತಿಗೆ “ಇಳೀತಾ ಇದೆ!” ಎಂಬ ಕೂಗು ಕೇಳಿಸಿತು. ಆಮೇಲೆ ಅವನು ವಿಡಿಯೋ ನೋಡಲು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಶೆಡ್ಡಿನಲ್ಲಿ ಧಡ್ ಧಡ್ ಎಂಬ ಸದ್ದು ಶುರುವಾಯಿತು. ಅದು ಕನ್ನಡಕದ ಕೈಯಲ್ಲ. ಅವಳು ಬಗ್ಗಿ ನೋಡಿದಳು. ಮಾವ ಲುಂಗಿ ಎತ್ತಿಕಟ್ಟಿ, ಬಡಗಿತನದ ದೊಡ್ಡ ಸುತ್ತಿಗೆ ಹಿಡಿದು ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟುಕೊಂಡರು.

“ಅವನಿಗೆ ಹೇಳ್ಬೇಡಮ್ಮ. ಪಾಪ, ಗುಬ್ಬಿ ಕುಕ್ಕಿದ ಹಾಗೆ ಕುಕ್ತಾನೆ. ನಾನು ಅರ್ಧ ಇಳಿಸಿ ಇಟ್ಟಿರ್ತೀನಿ. ತಾನೇ ಬೀಳಿಸ್ದೆ ಅಂದ್ಕೊಳ್ಳಲಿ.”

ಅವಳ ಕಣ್ಣು ತುಂಬಿ ಬಂತು. ಬಾಯಿ ಬಿಡದಿದ್ದರೇನು, ಕೈಯಾದರೂ ಮುಂದೆ ಬಂತಲ್ಲ! “ಹೇಳಲ್ಲ ಮಾವ,” ಎಂದಳು. ಸ್ವಲ್ಪದರಲ್ಲೇ ಶೆಡ್ಡಿನೊಳಗಿನಿಂದ “ಇಳೀತಾ ಇದೆ!” ಎಂದು ಮಾವನ ಪಿಸುಮಾತೂ ಕೇಳಿಸಿತು. ಕೆಲಸ ಮುಗಿದ ಮೇಲೆ ಅವರು ಎಲ್ಲವನ್ನೂ ಮೊದಲಿದ್ದ ಹಾಗೇ ಇಟ್ಟು ಹೊರಟರು. ಬೇರೆಯವರ ಸಾಮಾನು ಮುಟ್ಟಿದರೆ ಗುರುತೂ ಉಳಿಯಬಾರದು, ಅದು ಅವರು ಕಲಿತ ಪಾಠ.

ಮಗಳು ಓಡಿಬಂದು ಸೆರಗು ಹಿಡಿದಳು. “ಅಮ್ಮಾ, ತಾತ ಅಲ್ಲಿ...”

“ಶ್! ಆ ಕಡೆ ಮಾತು ಈ ಕಡೆ ತರಬಾರದು ಅಂತ ಹೇಳಿದೀನೋ ಇಲ್ವೋ?”

ಹೇಳಿದ್ದಳು. “ಅಪ್ಪ ನಿಮ್ಮನ್ನ ಕೀಲಿ ಕೊಡದ ಗಡಿಯಾರ ಅಂದರು” ಎಂದು ಈ ಪುಟ್ಟ ಬಾಯಿ ತಾತನಿಗೆ ವರದಿ ಒಪ್ಪಿಸಿದ್ದರಿಂದಲೇ ಎರಡು ದಿನದ ಜಗಳ ಎರಡು ವಾರಕ್ಕೆ ಬೆಳೆದಿತ್ತು.

“ಮಾತು ತರ್ತಿಲ್ಲ, ಕೇಳ್ಬೇಕು ಅಷ್ಟೇ.”

“ಕೇಳೋದೂ ಬೇಡ ಚಿನ್ನ. ನೋಡ್ತಾ ಕೂತಿರು.”

ಮಗಳು ಬಾಯಿಯನ್ನು ಗಂಟು ಕಟ್ಟಿಕೊಂಡು ಬಕೆಟ್ಟಿಗೆ ವಾಪಸಾದಳು.

ಗಂಡ ಬಂದ, ಹಬ್ಬಿನೊಳಗೆ ಇಣುಕಿದ, ತಲೆ ಕೆರೆದುಕೊಂಡ. “ಇದೇನೇ! ಒಂದು ಉಗುರಿನಷ್ಟು ಇಳಿದಿತ್ತು, ಮತ್ತೆ ಮೇಲೆ ಹೋಗಿ ಕೂತಿದೆ! ಬಾಗಿಲಿಂದ ಬೀಳೋ ಬಿಸಿಲಿಗೆ ಹಿಗ್ಗಿರಬೇಕು.” ಹಬ್ಬನ್ನು ನೆರಳಿಗೆ ಎಳೆದು ಮತ್ತೆ ಟಕ್ ಟಕ್. “ಇಳೀತಾ ಇದೆ!” ಊಟಕ್ಕೆ ಎದ್ದ. ಹಿಂದೆಯೇ ಧಡ್ ಧಡ್. “ಇಳೀತಾ ಇದೆ!” ಮತ್ತೆ ಗಂಡ ಬಂದು ನೋಡಿದರೆ ಬಳೆ ಹುಟ್ಟಿದ ಮನೆಯಲ್ಲೇ ಇತ್ತು. ಅವನು ಎಣ್ಣೆ ಬಿಟ್ಟ, ಬಿಸಿನೀರು ಹೊಯ್ದ, ಹೊಸ ಬಳೆಯನ್ನು ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಮಲಗಿಸಿ ಬಂದ. ಹಳೆಯದನ್ನು “ತಾಯಿ, ಬಾರಮ್ಮ” ಎಂದು ಬೇಡಿಕೊಂಡದ್ದೂ ಆಯಿತು. ಇಡೀ ದಿನ ಇಳಿದದ್ದೆಲ್ಲ ಸೇರಿಸಿದ್ದರೆ ಆ ಬಳೆ ಇಷ್ಟೊತ್ತಿಗೆ ಪಾತಾಳ ಮುಟ್ಟಬೇಕಿತ್ತು.

ಇಳಿಹೊತ್ತಿಗೆ ಫೋನು ಬಂತು.

“ರೈಲು ಹತ್ತಿರ ಬಂತು ಕಣೇ. ಅದೇನು ಸದ್ದು ಅಲ್ಲಿ?”

“ಕಾರು ರಿಪೇರಿ ಅತ್ತೆ. ಅಪ್ಪ, ಮಗ ಇಬ್ಬರೂ ಮಾಡ್ತಿದಾರೆ.”

“ಒಟ್ಟಿಗೇನಾ?”

“ಒಂದೇ ಚಕ್ರಕ್ಕೆ ಅತ್ತೆ,” ಎಂದಳು. ಆ ಮಟ್ಟಿಗೆ ನಾಲಗೆ ಶುದ್ಧವಾಗಿತ್ತು.

“ಹಾಗಾದ್ರೆ ಸ್ಪೀಕರ್ ಹಾಕು. ಇಬ್ಬರ ಧ್ವನೀನೂ ಕೇಳಿಸು. ನಿನ್ನ ಗಂಟಲಲ್ಲಿ ಏನೋ ಕಚ್ಚಿಕೊಂಡ ಹಾಗಿದೆ.”

ಅವಳು ಸ್ಪೀಕರ್ ಒತ್ತಿದಳು. ಫೋನು ಹಿಡಿದು ಶೆಡ್ಡಿಗೆ ಓಡಿದಳು. ಅಲ್ಲಿ ಆಗಬಾರದ್ದು ಆಗಿಹೋಗಿತ್ತು. ರೈಲಿನ ಹೊತ್ತಾಯಿತೆಂದು ಇಬ್ಬರಿಗೂ ಒಮ್ಮೆಗೇ ಅವಸರ ಹುಟ್ಟಿ, ಈ ಬಾಗಿಲಿನಿಂದ ಗಂಡ, ಹಿತ್ತಲ ಬಾಗಿಲಿನಿಂದ ಮಾವ ಒಳಗೆ ಬಂದು, ಹಬ್ಬಿನ ಎರಡು ಬದಿ ಸುತ್ತಿಗೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಬ್ಬರ ಮೂಗಿಗೆ ಇನ್ನೊಬ್ಬರ ಉಸಿರು ತಾಗುತ್ತಿತ್ತು. ಆದರೂ ಇಬ್ಬರೂ ನೋಡಿದ್ದು ಅವಳನ್ನು.

“ಅವರಿಗೆ ಹೇಳೇ, ಇದು ಮರ ಅಲ್ಲ, ಆ ಒನಕೆ ಬೇಡ.”

“ಅವನಿಗೆ ಹೇಳಮ್ಮ, ಇದು ಕನ್ನಡಕಾನೂ ಅಲ್ಲ.”

“ನನಗೇ ನೇರ ಹೇಳಬಹುದಲ್ಲ ಅಂತ ಕೇಳು!”

“ಮೊದಲು ಅವನು ಕೇಳಲಿ ಅಂತ ಹೇಳು!”

ಫೋನಿನಲ್ಲಿ ರೈಲಿನ ಸದ್ದಿನ ನಡುವೆ ಅತ್ತೆಯ ಧ್ವನಿ ಗಂಭೀರವಾಗಿ ಕೇಳಿಬಂತು. “ಓಹೋ. ಚೆನ್ನಾಗಿ ಮಾತಾಡ್ತಾರೆ ಅಂದಿದ್ದು ಇದನ್ನೇ ಏನೇ?”

ಅವಳ ಒದ್ದೆ ಕೈಯಲ್ಲಿ ಫೋನು ಜಾರುತ್ತಿತ್ತು. ಇಬ್ಬರು ಗಂಡಸರೂ ಸಿಕ್ಕಿಬಿದ್ದ ಹುಡುಗರಂತೆ ತಲೆ ತಗ್ಗಿಸಿದರು. ಅತ್ತೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಟಿಕೆಟು ತೆಗೆಯುವುದು ಅವಳ ಕಣ್ಣಿಗೆ ಕಟ್ಟಿತು.

ಆಗ ಬಕೆಟ್ಟು ಕಿರುಗುಟ್ಟಿತು. ಮಗಳು ಎದ್ದು ನಿಂತು, ಕ್ಲಾಸಿನಲ್ಲಿ ಎತ್ತುವ ಹಾಗೆ ಕೈಯೆತ್ತಿದ್ದಳು.

“ಅಮ್ಮಾ, ಈಗಾದ್ರೂ ಕೇಳ್ಲಾ? ಇಬ್ರೂ ಇದಾರಲ್ಲ, ಆ ಕಡೆ ಮಾತು ಈ ಕಡೆ ತಂದ ಹಾಗಾಗಲ್ಲ.”

ಇನ್ನು ಮುಚ್ಚಿಡಲು ಏನಿತ್ತು? “ಕೇಳು ಪುಟ್ಟಿ,” ಎಂದಳು.

ಮಗಳು ಮೊದಲು ಅಪ್ಪನ ಸುತ್ತಿಗೆಯನ್ನು, ಆಮೇಲೆ ತಾತನ ಸುತ್ತಿಗೆಯನ್ನು ನೋಡಿ, ರೈಲಿನಲ್ಲಿದ್ದ ಅಜ್ಜಿಗೂ ಕೇಳುವಷ್ಟು ಜೋರಾಗಿ ಕೇಳಿಯೇಬಿಟ್ಟಳು:

“ಅಪ್ಪ ಒಳಗೆ ಹೋದ ತಕ್ಷಣ ತಾತ ಬಂದು ಇದನ್ನ ತಿರುವಿ ಹಾಕಿ ಹಿಂದಿನಿಂದ ಹೊಡೀತಾರೆ, ಆಮೇಲೆ ಇದ್ದ ಹಾಗೇ ಇಡ್ತಾರೆ. ಅಪ್ಪ ಬಂದು ಮತ್ತೆ ಮುಂದಿನಿಂದ ಹೊಡೀತಾರೆ. ಈ ಬಳೆ ಕೊನೆಗೆ ಯಾರ ಕಡೆಯಿಂದ ಆಚೆ ಬರಬೇಕು?”