ದೊಡ್ಡಾಕಿಯ ಉಸಿರು

ಕಂಪ್ಲಿಯ ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಗೋಡೆಯೇ ಉಸಿರಾಡುತ್ತದೆ ಎಂದು ಗಂಗಾಂಬಿಕಾಗೆ ಅನ್ನಿಸಿತ್ತು. ಅಡುಗೆಮನೆಯ ಗೋಡೆಯಾಚೆ ಮನೆಯವರ ಅಕ್ಕಿ ಗಿರಣಿ. ಅಲ್ಲಿ ಭತ್ತದ ಹೊಟ್ಟು ತಿಂದು ಉಗಿ ಬಿಡುವ ಎಂಜಿನ್. ಒಂದು ಕಾಲಕ್ಕೆ ಅದು ಕಬ್ಬಿಣದ ಗಾಲಿಗಳ ಮೇಲೆ ತಾನೇ ನಡೆದು ಕಣದಿಂದ ಕಣಕ್ಕೆ ಹೋಗುತ್ತಿತ್ತಂತೆ. ಮನೆಯವರೆಲ್ಲ ಅದನ್ನು ದೊಡ್ಡಾಕಿ ಎನ್ನುತ್ತಿದ್ದರು. ತವರಿನ ನೆನಪಾದಾಗೆಲ್ಲ ಅವಳು ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಯಾರೋ ಹಿರಿಯಳು ಪಕ್ಕದಲ್ಲಿ ಮಲಗಿ ಉಸಿರಾಡಿದ ಹಾಗೆ ಕೇಳುತ್ತಿತ್ತು. ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕರೆಂಟಿನ ಮೋಟಾರು ಬಂದ ಮೇಲೆ ದೊಡ್ಡಾಕಿ ನಿಂತಿತು, ಗೋಡೆ ಬರೀ ಗೋಡೆಯಾಯಿತು.

ಈಗ ಗಂಡ ರೇವಣಸಿದ್ದ ದೊಡ್ಡಾಕಿಯನ್ನು ಕಮಲಾಪುರದ ಹೊಸ ರೆಸಾರ್ಟಿಗೆ ಕೊಡಲು ಹೊರಟಿದ್ದ. ಬಣ್ಣ ಬಳಿದು ಹುಲ್ಲಿನ ಮೇಲೆ ನಿಲ್ಲಿಸುತ್ತಾರಂತೆ.

"ಜೀವಂತ ಇರೋದನ್ನ ಹಂಗ ಗೊಂಬಿ ಮಾಡಿ ನಿಲ್ಲಸ್ತೀರೇನು?"

"ಜೀವಂತ! ಎಷ್ಟು ವರ್ಷ ಆತು, ಒಂದ್ ಕೆಮ್ಮೂ ಇಲ್ಲ. ಆತು, ದಸರಾದೊಳಗ ಉಸಿರಾಡಿಸು. ಇಟ್ಕೊ."

ದೋಣಿಮಲೈ ಗಣಿಯಲ್ಲಿ ಬಾಯ್ಲರ್ ಕೆಲಸ ಮಾಡಿ ನಿವೃತ್ತನಾಗಿದ್ದ ಹೊಸಪೇಟೆಯ ಅಚ್ಯುತನನ್ನು ಅವಳೇ ಕರೆಸಿದಳು. ಅವನು ಎಂಜಿನ್ನಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡಿದ. ಬೆಂಕಿಬಾಯಿಯ ಕೆಳಗೆ ಹನಿ ಹನಿಯಾಗಿ ನೀರು ಒಸರಿತು. ಕೆರೆದರೆ ತಗಡು ಹಪ್ಪಳದಂತೆ ಉದುರಿತು.

"ಇಲ್ಲೇನು ಬೀಳ್ತಿತ್ರಿ ಅಕ್ಕಾರ?"

ಅವಳಿಗೆ ತಕ್ಷಣ ಹೊಳೆಯಿತು. ಪ್ರತಿ ಅಮಾವಾಸ್ಯೆಗೂ ಅತ್ತೆ ಮರುಳಸಿದ್ದಮ್ಮ ಕಾಯಿ ಒಡೆಯುತ್ತಿದ್ದುದು ಆ ಬೆಂಕಿಬಾಯಿಯ ಅಂಚಿಗೇ. ಕಾಯಿನೀರು ಅಲ್ಲೇ ಇಳಿದು ಅಲ್ಲೇ ಆರುತ್ತಿತ್ತು. ದೇವರ ಮೈಮೇಲಿನ ನೀರನ್ನು ಯಾರು ಒರೆಸುತ್ತಾರೆ?

"ಪೂಜಿ ಮಾಡೇ ತಿಂದೀರಲ್ರಿ!" ಅಚ್ಯುತ ನಕ್ಕ. "ಇಷ್ಟು ಕತ್ತರಿಸಿ ಹೊಸಾ ತಗಡು ಹಾಕ್ಬೇಕು. ಇನ್ನ ಮ್ಯಾಲ ಇಲ್ಲಿ ಕಾಯಿ ಒಡೆಯಂಗಿಲ್ಲ ನೋಡ್ರಿ."

ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆಗೆ ಗಂಗಾಂಬಿಕಾ ಇದನ್ನು ಅಳುಕುತ್ತಲೇ ಹೇಳಿದಳು. ಮುದುಕಿ ಬೇಡವೆಂದರೆ ಮಗ ಆ ಮಾತು ಮೀರುವವನಲ್ಲ.

"ನನ್ನ ಕೈಲೇ ತೂತು ಬಿತ್ತೇನು?"

"ನೀರಿಂದ ಬಿತ್ತು ಅತ್ತಿ."

ಮುದುಕಿ ಬತ್ತಿಯನ್ನು ತೊಡೆಯ ಮೇಲೆ ಇನ್ನೊಮ್ಮೆ ಉಜ್ಜಿದಳು. "ನಮ್ಮತ್ತಿ ಭಾಳ ಬಿರುಸು. ದೊಡ್ಡಾಕಿಗೆ ಕಾಯಿ ಒಡೀದ ನೀ ಉಣಬ್ಯಾಡ ಅಂತಿದ್ಲು. ನಾ ಜೋರಾಗಿ ಒಡೀತಿದ್ದೆ. ಅತ್ತಿ ತಲಿ ಅನ್ಕೊಂಡು!" ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆಮೇಲೆ ಓರೆಗಣ್ಣಿಂದ ನೋಡಿ, "ನೀ ಒಡದ್ರ ಯಾರ ತಲಿ ಅನ್ಕೋತಿ ನಾ ಕೇಳಂಗಿಲ್ಲ" ಎಂದಳು.

"ಕಾಯಿ ನೀವೇ ಒಡೀತೀರಲ್ರಿ, ನನಗೆಲ್ಲಿ ಕೊಟ್ಟೀರಿ?"

"ಅದಕ್ಕೇ ಕೊಟ್ಟಿಲ್ಲ! ಹೋಗು, ಕತ್ತರಿಸ್ಲಿ. ಕಾಯಿ ಅಂಗಳದಾಗ ಒಡದ್ರಾತು."

ದಸರೆಗೆ ಮೊದಲೇ ಹೊಸ ತಗಡು ಕೂತಿತು. ಬೆಂಕಿ ಹಚ್ಚಿ ಬಹಳ ಹೊತ್ತಾದ ಮೇಲೆ ದೊಡ್ಡ ಗಾಲಿ ಅಲುಗಿತು, ತಡೆಯಿತು, ತಿರುಗಿತು. ರೇವಣಸಿದ್ದ ಗಾಲಿಯ ಹತ್ತಿರ ಬಂದು ನೋಡಿ, "ಆತು, ಇಟ್ಕೊ" ಎಂದ. ಗಂಗಾಂಬಿಕಾ ಯಾರಿಗೂ ಹೇಳದೆ ಒಳಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು. ಗೋಡೆ ಮೆಲ್ಲಗೆ ನಡುಗುತ್ತಿತ್ತು. ಉಸಿರಿನ ನಡುವೆ ಸಣ್ಣದೊಂದು ಗೊರಗೊರ, ವಯಸ್ಸಾದವರ ಎದೆಯಲ್ಲಿರುವಂಥದು. ನಿದ್ದೆ ಬರಬಹುದೆಂದು ಕಾದಳು. ಬರಲಿಲ್ಲ, ಬೇಕೆಂದೂ ಅನ್ನಿಸಲಿಲ್ಲ.

"ಅಕ್ಕಾರ, ಹೊಟ್ಟು ಕಮ್ಮಿ ಬಿತ್ರಿ! ಜಲ್ದಿ!" ಗಿರಣಿಯಿಂದ ಅಚ್ಯುತ ಕೂಗಿದ.

ಎದ್ದು, ಸೆರಗು ಸಿಕ್ಕಿಸಿ, ಹೊಟ್ಟಿನ ಬುಟ್ಟಿ ಎತ್ತಿಕೊಂಡು ಅವಳು ಗೋಡೆಯ ಆಚೆ ಬದಿಗೆ ಹೋದಳು.