ಟ್ಯಾಂಕಿಗೂ ಗಾಳಿ ಬೇಕು

ಮಕ್ತಲ್‌ನ ಶಿವಶಂಕರಪ್ಪನಿಗೆ ಅಪ್ಪನ ಕಾಲದ ಅಂಬಾಸಿಡರ್ ಕಾರೆಂದರೆ ಪ್ರಾಣ. ತೆಲಂಗಾಣ ಬೇರೆ ರಾಜ್ಯವಾಗಿ ಐದು ವರ್ಷವಾದರೂ ಅದರ ನಂಬರ್ ಇನ್ನೂ ಆಂಧ್ರದ್ದೇ. ಹೆಂಡತಿ ಅನ್ನಮ್ಮ ಅದರ ಡಿಕ್ಕಿಯಲ್ಲಿ ನಾರಾಯಣಪೇಟೆ ಸೀರೆ ತುಂಬಿಕೊಂಡು ಊರೂರಿಗೆ ಮಾರುತ್ತಿದ್ದಳು. ಹೋದ ತಿಂಗಳು ಗಿರಾಕಿಯೊಬ್ಬಳು ಸೀರೆ ಮೂಸಿ, ಪೆಟ್ರೋಲ್ ನಾರುತ್ತದೆಂದು ವಾಪಸು ಕೊಟ್ಟಳು.

ಶಿವಶಂಕರಪ್ಪ ಹುಡುಕಿದ. ಡಿಕ್ಕಿಯೊಳಗಿನ ಟ್ಯಾಂಕಿನ ಮೇಲೆ ಸಣ್ಣದೊಂದು ತೂತು, ಅದಕ್ಕೆ ಸಿಕ್ಕಿಸಿದ ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತು. ಕೊಳವೆ ಕಿತ್ತೆಸೆದು, ಕಡ್ಡಿಗೆ ಮಗ್ಗದ ನೂಲು ಸುತ್ತಿ ತೂತಿಗೆ ಜಡಿದ. ಮುಚ್ಚಳಕ್ಕೂ ಸೈಕಲ್ ಟ್ಯೂಬಿನ ಬಿಲ್ಲೆ ಹಾಕಿ ಬಿಗಿದ. ವಾಸನೆ ಹೋಯಿತು. ಆಸಾಮಿ ಮೀಸೆ ತಿರುವಿದ.

ಮರುವಾರ ಗದ್ವಾಲದ ಮದುವೆ ಮನೆಗೆ ಧಾರೆ ಸೀರೆ ಹನ್ನೊಂದರೊಳಗೆ ಮುಟ್ಟಬೇಕಿತ್ತು. ತಪ್ಪಿದರೆ ಅನ್ನಮ್ಮನ ಹೆಸರು ಮಣ್ಣುಪಾಲು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಕಾರು ಹತ್ತಿದರು. ಧರೂರು ಸೇರುವ ಹೊತ್ತಿಗೆ ಕಾರು ಮೂರು ಸಲ ನಿಂತಿತು. ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆಗೆದಾಗಲೆಲ್ಲ ಬುಸ್ ಎನ್ನುವುದು, ಆಮೇಲೆ ಏನೂ ಆಗದ ಹಾಗೆ ಹೊರಡುವುದು. ಇದೇನು ಮಾಯೆ ಎಂದು ಅವನಿಗೆ ತಲೆ ಕೆಟ್ಟಿತು.

ದಾರಿಯ ಬಂಕಿನಲ್ಲಿ ಪೆಟ್ರೋಲ್ ಹಾಕುವ ರಜಿತಾಗೆ ಕತ್ತಿನವರೆಗೂ ತುಂಬಲು ಹೇಳಿ, ಯೋಚಿಸುವುದಕ್ಕೆಂದು ಬೀಡಿ ತೆಗೆದ. ಅವಳು ಕಣ್ಣಲ್ಲೇ ಗದರಿದಳು, ಬೀಡಿ ಜೇಬಿಗೆ ಹೋಯಿತು. ಮುಚ್ಚಳ ತೆಗೆದಾಗ ಬುಸ್ ಸದ್ದು ಕೇಳಿದ ಅವಳು ಟ್ಯಾಂಕಿನ ತೂತು ಏನಾದರೂ ಮುಚ್ಚಿದ್ದೀರಾ ಎಂದಳು.

“ಮುಚ್ಚಿದ್ರ ವಾಸನಿ ಬರಂಗಿಲ್ಲ, ಪೆಟ್ರೋಲೂ ಉಳೀತೈತಿ. ತಪ್ಪೇನೈತಿ ಇದರಾಗ?”

“ಕಾಕಾ, ಪೆಟ್ರೋಲ್ ಖರ್ಚಾದಂಗ ಅಲ್ಲಿ ಗಾಳಿ ಬಂದು ಕೂಡಬೇಕ್ರಿ. ಗಾಳಿ ಹೋಗಾಕ ದಾರಿ ಇಲ್ಲಂದ್ರ ಎಂಜಿನ್‌ಗೆ ಪೆಟ್ರೋಲ್ ಬರಂಗಿಲ್ಲ.”

ಅವನು ನಂಬಲಿಲ್ಲ. ಅನ್ನಮ್ಮನಿಗೆ ನಗು ತಡೆಯಲಾಗಲಿಲ್ಲ. “ಎಣ್ಣಿ ಡಬ್ಬಿಗೆ ನಾ ಎರಡು ತೂತು ಯಾಕ ಹೊಡೀತೀನ್ರೀ? ಒಂದರಾಗ ಎಣ್ಣಿ ಬರಾಕ, ಇನ್ನೊಂದರಾಗ ಗಾಳಿ ಹೋಗಾಕ.”

ಹಾಗಾದರೆ ವಾಸನೆಯ ಗತಿ ಏನೆಂದು ಅವನು ಕೇಳಿದ. ಈಗಿನ ಕಾರುಗಳಲ್ಲಿ ಇದ್ದಿಲಿನ ಡಬ್ಬಿಯೊಂದು ಪೆಟ್ರೋಲ್ ಆವಿಯನ್ನು ಹೀರಿ, ಮತ್ತೆ ಎಂಜಿನ್ನಿಗೇ ಕೊಡುತ್ತದೆ ಎಂದಳು ರಜಿತಾ. ಈ ಹಳೆಯ ಕಾರಿಗೆ ಆ ಭಾಗ್ಯವಿಲ್ಲ. ಕೊಳವೆ ಹೊಸದು ಹಾಕಿಸಿ, ಅದರ ಬಾಯಿ ಕಾರಿನ ಹೊರಗೆ ಇರುವಂತೆ ಇಳಿಬಿಡಬೇಕು. ಬಿಸಿಲಿಗೆ ಪೆಟ್ರೋಲ್ ಹಿಗ್ಗುವುದರಿಂದ ಟ್ಯಾಂಕ್ ಕಂಠಪೂರ್ತಿ ತುಂಬಬಾರದು.

“ಆ ಆವಿ ನೆಲ ಹಿಡಿದು ಹರೀತೈತ್ರಿ. ಒಲಿ ಸಿಕ್ಕರ ಭಗ್ ಅಂತೈತಿ.”

ಶಿವಶಂಕರಪ್ಪ ಹೆಂಡತಿಯ ಮುಖ ನೋಡಿದ. ಮನೆಯಲ್ಲಿ ಕಾರು ನಿಲ್ಲಿಸುವ ಕೋಣೆಯಲ್ಲೇ ಅನ್ನಮ್ಮ ಸೀರೆಗೆ ಗಂಜಿ ಕಾಯಿಸುತ್ತಿದ್ದಳು.

ಕಡ್ಡಿಯನ್ನು ಅವನೇ ಕಿತ್ತ. ಪಕ್ಕದ ಮೆಕ್ಯಾನಿಕ್ ಪೆಟ್ರೋಲ್ ತಾಗಿದರೂ ಹಾಳಾಗದ ಹೊಸ ಕೊಳವೆ ಹಾಕಿ, ಬಾಯಿ ಹೊರಗೆ ಇಳಿಬಿಟ್ಟ. ಕಾರು ಮತ್ತೆಲ್ಲೂ ನಿಲ್ಲಲಿಲ್ಲ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮದುವಣಗಿತ್ತಿ ಸೀರೆಯನ್ನು ಮೂಗಿಗೆ ಹಿಡಿದಳು. ಹೊಸ ಗಂಜಿಯ ವಾಸನೆ ಅಂದರೆ ತನಗೆ ಬಲು ಇಷ್ಟವೆಂದಳು ಹುಡುಗಿ.

ಮನೆಗೆ ಬಂದವನೇ ಶಿವಶಂಕರಪ್ಪ ಕಾರನ್ನು ಹೊರಗೆ ಬೇವಿನ ನೆರಳಿಗೆ ನಿಲ್ಲಿಸಿದ. ಅನ್ನಮ್ಮ ಒಲೆ ಹಚ್ಚಿದ್ದು ಆಮೇಲೆ.

ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದೆಯೇ? ಪೆಟ್ರೋಲ್ ವಾಸನೆ ಬಂದರೆ ತೂತು ಮುಚ್ಚಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಗಾಡಿ ಇರುವ ಕಡೆ ಒಲೆ, ದೀಪ, ಬೀಡಿ ಬೇಡ. ಇವತ್ತೇ ಹೋಗಿ ಒಮ್ಮೆ ಮೂಸಿ ನೋಡಿ.