ನೀರು ತುಂಬದ ವರ್ಷ

ಆನಂದಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ರಾಮಚಂದ್ರಪ್ಪನವರ ಬಚ್ಚಲುಮನೆಯಲ್ಲಿ ಬಿಸಿನೀರಿನ ಧಾರೆ ಕೆಲವು ತಿಂಗಳಿಂದಲೇ ಸಣ್ಣಗಾಗುತ್ತ ಬಂದಿತ್ತು. ಒಂಟಿ ಗಂಡಸಿನ ಸ್ನಾನಕ್ಕೆ ಅದು ಹೇಗೋ ಸಾಕಾಗುತ್ತಿತ್ತು. ಮಗಳು ಪ್ರತಿಮಾ ಕೂಸನ್ನೆತ್ತಿಕೊಂಡು ಬಾಣಂತನಕ್ಕೆ ಬಂದಮೇಲೆ ಸಾಲದಾಯಿತು. ಬಾಣಂತಿಯ ಬೆನ್ನಿಗೆ ಸುಡುನೀರು ಎಡೆಬಿಡದೆ ಬೀಳಬೇಕು. ನೀರು ಹೊಯ್ಯಬೇಕಾಗಿದ್ದ ತಾಯಿ ರಂಗಮ್ಮ ಕಳೆದ ಭಾದ್ರಪದದಲ್ಲಿ ತೀರಿಕೊಂಡಿದ್ದರು. ಆ ಕೆಲಸಕ್ಕೆಂದೇ ರಾಮಚಂದ್ರಪ್ಪನವರ ಅಕ್ಕ ಮೂಕಮ್ಮ ಹೊಸನಗರದಿಂದ ಬಂದಿದ್ದರು.

ರಿಪೇರಿಗೆಂದು ಸಾಗರದಿಂದ ಬಂದ ಪ್ಲಂಬರ್ ದುರ್ಗೇಶ್ ಮೊದಲು ಅಂಗಳದ ತಣ್ಣೀರಿನ ನಲ್ಲಿ ತಿರುಗಿಸಿದ. ನೀರು ರಭಸದಿಂದ ಬಂತು. ಬಚ್ಚಲಿನ ಬಿಸಿನೀರಿನ ನಲ್ಲಿ ನಾಲ್ಕು ಸಲ ಉಗುಳಿ, ನೂಲಿನಂತೆ ಇಳಿಯಿತು.

"ತಣ್ಣೀರು ಕೆಳಗಿಂದ ಒಳಗೆ ಹೋದ್ರೆ ತಾನೆ ಬಿಸಿನೀರು ಮೇಲಿಂದ ಹೊರಗೆ ಬರೋದು? ಆ ಕೆಳಗಿನ ಬಾಯೇ ಕಟ್ಟಿದೆ. ಯಾವಾಗ ತೊಳೆದಿದ್ದು ಇದನ್ನ?"

ಒಲೆಯ ಮೇಲಿನ ಆ ತಾಮ್ರದ ಬಾಯ್ಲರ್ ವರ್ಷಕ್ಕೊಮ್ಮೆ, ದೀಪಾವಳಿಯ ನೀರು ತುಂಬುವ ಹಬ್ಬದಂದು ಮಾತ್ರ ಬರಿದಾಗುತ್ತಿತ್ತು. ರಂಗಮ್ಮ ಹಳೆಯ ನೀರನ್ನು ಹರಿಸಿ, ಹುಣಸೆಹುಳಿ ಹಾಕಿ ಒಳಹೊರಗು ಬೆಳಗಿ, ಹೊಸ ನೀರು ತುಂಬಿ, ಅದರ ಕೊರಳಿಗೆ, ಹಬ್ಬಕ್ಕೆಂದು ಕಾಡಿನಿಂದ ತರುವ ಹಿಂಡಲೆಕಾಯಿ ಬಳ್ಳಿ ಸುತ್ತುತ್ತಿದ್ದರು. ಈ ಸಲ ಸಾವಿನ ಮನೆಯೆಂದು ಹಬ್ಬ ಆಚರಿಸಲಿಲ್ಲ. ಹಬ್ಬದೊಂದಿಗೆ ತೊಳೆಯುವುದೂ ನಿಂತಿತು. ಹಿಂದಿನ ವರ್ಷ ಅವರು ಸುತ್ತಿದ್ದ ಬಳ್ಳಿ ಹೊಗೆ ಕುಡಿದು ಕಪ್ಪಾಗಿ ಇನ್ನೂ ಅಲ್ಲೇ ಇತ್ತು.

"ಮುಚ್ಚಳ ಬಿಚ್ಚಬೇಕು," ಎಂದು ದುರ್ಗೇಶ್ ಬಳ್ಳಿಗೆ ಕೈ ಹಾಕಿದ.

"ಅದನ್ನ ಮುಟ್ಬೇಡ," ಎಂದು ರಾಮಚಂದ್ರಪ್ಪ ತಡೆದರು. "ಅವಳ ವರ್ಷಾಂತ ಆಗ್ಲಿ. ಈಗ ಒಂದು ಪಂಪು ಕೂರಿಸು, ದೂಡ್ಕೊಂಡು ಬರ್ಲಿ."

"ಹಳೇ ಬೆಸುಗೆ ರಾಮಚಂದ್ರಣ್ಣ, ಪಂಪಿನ ಒತ್ತಡಕ್ಕೆ ಬಾಯಿ ಬಿಡ್ತದೆ. ಒಳಗೆ ಕೂತೋರಿಗೆ ಅಪಾಯ. ನಾನು ಹಾಕಲ್ಲ. ತೊಳೆಯೋದಾದ್ರೆ ಫೋನ್ ಮಾಡಿ, ಬರ್ತೀನಿ."

ಅವನು ಹೋದಮೇಲೆ ಮೂಕಮ್ಮ ತಮ್ಮನ ಕಡೆ ತಿರುಗಿದರು. "ಗಿರಣಿ ಕಲ್ಲು ಸವೆದ್ರೆ ಆವತ್ತೇ ಬಿಚ್ಚಿ ಉಳಿ ಹೊಡಿತೀಯ. ಇದಕ್ಕೆಂತ ಆಯ್ತು ನಿನಗೆ?"

"ಸೂತಕದ ವರ್ಷ ಅಕ್ಕ. ಹಬ್ಬ ಮಾಡೋ ಹಂಗಿಲ್ಲ."

"ಹಬ್ಬ ಮಾಡು ಅಂದೋರ್ಯಾರು ಮಾರಾಯ? ತೊಳಿ ಅಂದೆ."

ರಾಮಚಂದ್ರಪ್ಪ ಗಿರಣಿಗೆ ಹೋದರು. ಆ ಬಳ್ಳಿಯ ಗಂಟು ರಂಗಮ್ಮನ ಕೈಯದು. ಅದನ್ನು ಬಿಚ್ಚಿದರೆ ಅವಳು ಮಾಡಿಟ್ಟುಹೋದ ಕೊನೆಯ ಕೆಲಸವೂ ಮನೆಯಲ್ಲಿ ಉಳಿಯುವುದಿಲ್ಲ ಎಂಬುದನ್ನು ಅಕ್ಕನೆದುರು ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ರಾಮಚಂದ್ರಪ್ಪ ಸೌದೆ ತಂದು ಬಚ್ಚಲುಮನೆಯ ಹೊರಗೆ ನಿಂತರು. ಒಳಗೆ ಕೊಡ ತುಂಬುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ಮೂಕಮ್ಮ ಒಂದು ತಂಬಿಗೆ ಹೊಯ್ದು, ಮುಂದಿನದಕ್ಕೆ ಕಾಯುತ್ತಿದ್ದರು. ಆ ಬಿಡುವಿನಲ್ಲಿ ಮಗಳ ಹಲ್ಲು ಕಟಕಟಿಸುವುದು ಕೇಳಿಸಿತು.

"ಚಳಿಯಾಯ್ತನೇ?"

"ಇಲ್ಲ ಅತ್ತೆ, ಬಿಸಿ ಸಾಕಷ್ಟಿದೆ," ಎಂದಳು ಪ್ರತಿಮಾ, ಹೊರಗಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ.

ರಾಮಚಂದ್ರಪ್ಪ ಸೌದೆ ಕೆಳಗಿಟ್ಟರು.

ಸ್ನಾನ ಮುಗಿದೊಡನೆ ಒಲೆಯ ಕೆಂಡ ಎಳೆದು ಹಾಕಿದರು. ತಾಮ್ರ ಆರುವವರೆಗೂ ಅದರೆದುರು ಕುಳಿತಿದ್ದು, ಆಮೇಲೆ ಗಂಟಿಗೆ ಕೈಯಿಟ್ಟರು. ಬಿಚ್ಚಲು ನೋಡಿದರು, ಒಣಬಳ್ಳಿ ಬೆರಳಲ್ಲೇ ಮುರಿಯಿತು. ಮುಚ್ಚಳ ತೆಗೆದು ಅಡಿಯ ತಿರುಪು ಕಳಚಿದಾಗ ಮೊದಲು ಏನೂ ಬರಲಿಲ್ಲ. ಕಂಬಿ ತೂರಿಸಿ ಕೆದಕಿದಮೇಲೆ ಕೆಂಪು ಗಸಿ ಗಂಜಿಯಂತೆ ಇಳಿಯತೊಡಗಿತು. ಮೂಕಮ್ಮ ಹುಣಸೆಹುಳಿ ಕಿವುಚಿಕೊಟ್ಟರು. ಹೋಗುವ ನೀರು ತಿಳಿಯಾಗುವವರೆಗೂ ರಾಮಚಂದ್ರಪ್ಪ ಮತ್ತೆ ಮತ್ತೆ ತೊಳೆದರು.

ಹೊಸ ನೀರು ತುಂಬಿತು. ರಂಗೋಲಿಯಿಲ್ಲ, ಹೂವಿಲ್ಲ, ಜಾಗಟೆಯಿಲ್ಲ.

"ಆ ಬಳ್ಳಿ ಕಾಲಿಗೆ ಸಿಗೋದು ಬೇಡ, ಹೊಳೆಗೆ ಬಿಟ್ಟು ಬಾ," ಎಂದರು ಮೂಕಮ್ಮ.

ರಾಮಚಂದ್ರಪ್ಪ ಮುರಿದ ಬಳ್ಳಿಯನ್ನು ಒಟ್ಟುಗೂಡಿಸಿ, ಒಲೆಯೊಳಗೆ ಸೌದೆಯ ಅಡಿಗಿಟ್ಟು ಕಡ್ಡಿ ಗೀರಿದರು. ಅದು ಚಟಪಟನೆ ಹತ್ತಿಕೊಂಡಿತು.

"ಅವಳ ಮಗಳಿಗೇ ಅಲ್ವ ಅಕ್ಕ, ನೀರು ಕಾಯೋದು."

ಸಂಜೆ ಮೂಕಮ್ಮ ಪ್ರತಿಮಾಳಿಗೆ ಮತ್ತೊಮ್ಮೆ ನೀರು ಹೊಯ್ದರು. ನೀರು ಬೀಳುವ ಸದ್ದು ಜಗಲಿಯವರೆಗೂ ಬಂತು. ನಡುವೆ ಎಲ್ಲೂ ನಿಲ್ಲಲಿಲ್ಲ.

"ತಮ್ಮಾ, ಸುಡ್ತಿದೆ ಮಾರಾಯ, ಒಂದು ಕೊಡ ತಣ್ಣೀರು ಬಾಗಿಲ ಹತ್ರ ಇಡು," ಎಂದು ಮೂಕಮ್ಮ ಒಳಗಿನಿಂದ ಕೂಗಿದರು.

ರಾಮಚಂದ್ರಪ್ಪ ಕೊಡ ತೆಗೆದುಕೊಂಡು ಅಂಗಳದ ನಲ್ಲಿಯ ಕಡೆಗೆ ನಡೆದರು.